ಪಠ್ಯಪುಸ್ತಕಕ್ಕೆ ಜಗಳ ಆಡ್ತೀವಿ, ಪಾಠ ಮಾಡೋರ ತಯಾರಿ ಬಗ್ಗೆ ಯಾಕೆ ಸುಮ್ಮನಿರ್ತೀವಿ?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ರಾತ್ರಿ ಲೈಟ್ ಆಫ್ ಮಾಡಿ ಇಯರ್‌ಫೋನ್ ಹಾಕ್ಕೊಂಡಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ಎಪಿಸೋಡ್ ಶಾಲೆ ಬಗ್ಗೆ. ಸ್ಕಿಪ್ ಮಾಡ್ಬೇಡಿ. ಗುರುಗಳ ಮಹಿಮೆ, ಗುರುವೇ ದೈವ ಅನ್ನೋ ಥರದ ಭಾಷಣ ಇದರಲ್ಲಿ ಇಲ್ಲ, ಭರವಸೆ ಕೊಡ್ತೀನಿ.

ಮೊದಲು ಒಂದು ಸಣ್ಣ ಆಟ. ನಿಮ್ಮ ಮನೇಲಿ ಕಡಲೆಕಾಯಿಗೆ ಏನಂತೀರಿ? ಬೆಂಗಳೂರು, ಕೋಲಾರದ ಕಡೆಯವರು ಕಡಲೆಕಾಯಿ ಅಂತಲೇ ಅಂತೀರಿ. ವಿಜಯಪುರ, ಕಲಬುರಗಿ ಕಡೆ ಶೇಂಗಾ. ಮಂಗಳೂರು ಕಡೆ ನೆಲಕಡಲೆ. ಈರುಳ್ಳಿಗೆ ಬನ್ನಿ. ಕೆಲವರಿಗೆ ಈರುಳ್ಳಿ, ಕೆಲವರಿಗೆ ಉಳ್ಳಾಗಡ್ಡಿ, ಕರಾವಳಿಯವರಿಗೆ ನೀರುಳ್ಳಿ. ಮೊಟ್ಟೆ ಅನ್ನೋದು ಅರ್ಧ ರಾಜ್ಯಕ್ಕೆ ತತ್ತಿ. ಇವೆಲ್ಲ ಕನ್ನಡಾನೇ. ಒಂದಕ್ಕಿಂತ ಒಂದು ಹೆಚ್ಚಲ್ಲ, ಕಮ್ಮಿ ಅಲ್ಲ.

ಈಗ ಯೋಚನೆ ಮಾಡಿ. ಆರು ವರ್ಷದ ಹುಡುಗಿ ಒಂದನೇ ಕ್ಲಾಸಿಗೆ ಬರ್ತಾಳೆ. ಟೀಚರ್ ಚಿತ್ರ ತೋರಿಸಿ ಇದೇನು ಅಂತಾರೆ. ಅವಳು "ತತ್ತಿ" ಅಂತಾಳೆ. "ತಪ್ಪು, ಮೊಟ್ಟೆ ಅನ್ನು" ಅಂತಾರೆ ಟೀಚರ್. ಪಕ್ಕದಲ್ಲಿ ಇಬ್ಬರು ಕಿಸಕ್ ಅಂತ ನಗ್ತಾರೆ. ಆ ಮಗುವಿಗೆ ಮೊಟ್ಟೆ ಗೊತ್ತು. ಅದನ್ನ ಯಾವ ಕೋಳಿ ಇಟ್ಟಿತು ಅನ್ನೋದೂ ಗೊತ್ತು. ಆದರೂ ಅವತ್ತು ಅವಳು ಕಲಿತ ಪಾಠ ಒಂದೇ: ಇಲ್ಲಿ ಬಾಯಿ ಬಿಟ್ಟರೆ ತಪ್ಪಾಗುತ್ತೆ. ಇನ್ನು ಮನೇಲಿ ಕನ್ನಡಾನೇ ಮಾತಾಡದ ಮಗು ಆಗಿದ್ರೆ?

ಅಂಥ ಮಕ್ಕಳು ಎಲ್ಲೋ ಒಬ್ಬರು ಇಬ್ಬರು ಅಂದ್ಕೋಬೇಡಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆ ಅಂತ ಹೇಳಿದವರು ಸುಮಾರು 66 ಪರ್ಸೆಂಟ್. ಉಳಿದ ಮೂರನೇ ಒಂದು ಭಾಗದ ಮನೆಗಳಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ, ಕೊಡವ, ಬ್ಯಾರಿ ಹೀಗೆ ಬೇರೆ ಬೇರೆ ಭಾಷೆ. ಜೇನುಕುರುಬರ, ಸೋಲಿಗರ, ಕೊರಗರ ಮಾತುಗಳು ಬೇರೆ. ಆ 66 ಪರ್ಸೆಂಟ್ ಒಳಗೇ ಶೇಂಗಾ, ಕಡಲೆಕಾಯಿ, ನೆಲಕಡಲೆ ಇವೆ. ಹಾಗಾದ್ರೆ ಪಠ್ಯಪುಸ್ತಕದ ಕನ್ನಡವನ್ನ ಮನೇಲಿ ಹಾಗ್ಹಾಗೇ ಮಾತಾಡೋ ಮಗು ಎಷ್ಟಿರಬಹುದು?

ನಮ್ಮ ರಾಜ್ಯದಲ್ಲಿ ಶಾಲೆ ವಿಷಯ ಸುದ್ದಿ ಆಗೋದು ಯಾವಾಗ ಗೊತ್ತಲ್ಲ. 2017ರಲ್ಲಿ ಹೊಸ ಪಠ್ಯಪುಸ್ತಕ ಬಂತು, ಚರ್ಚೆ ಆಯ್ತು. 2022ರಲ್ಲಿ ಪರಿಷ್ಕರಣೆ ಆಯ್ತು, ದೊಡ್ಡ ಗಲಾಟೆನೇ ಆಯ್ತು. 2023ರಲ್ಲಿ ಸರ್ಕಾರ ಬದಲಾಯ್ತು, ಮತ್ತೆ ಪಾಠಗಳು ಬದಲಾದವು. ಯಾರ ಪಾಠ ಹೋಯ್ತು, ಯಾರ ಪಾಠ ಬಂತು ಅಂತ ಟಿವಿಯಲ್ಲಿ ದಿನಗಟ್ಟಲೆ ಕೂಗಾಡಿದ್ರು. ಆ ಜಗಳ ಬೇಡ ಅಂತ ನಾನು ಹೇಳ್ತಿಲ್ಲ. ಪುಸ್ತಕದಲ್ಲಿ ಯಾರ ಹೆಸರಿರುತ್ತೆ, ಯಾರದು ಇರಲ್ಲ ಅನ್ನೋದು ಖಂಡಿತ ಮುಖ್ಯ. ಆದರೆ ಇಷ್ಟು ವರ್ಷದಲ್ಲಿ ಬಿ.ಎಡ್. ಕಾಲೇಜಲ್ಲಿ ಏನು ಕಲಿಸ್ತಾರೆ ಅಂತ ಒಂದಾದರೂ ಪ್ರೈಮ್ ಟೈಮ್ ಚರ್ಚೆ ನೋಡಿದೀರಾ? ನಾನಂತೂ ನೋಡಿಲ್ಲ.

ಬಿ.ಕಾಂ. ಓದಿದವನಾಗಿ ನನಗೆ ಇದು ಕಾಣೋದು ಹೀಗೆ. ಒಬ್ಬ ಫ್ಯಾಕ್ಟರಿ ಮಾಲೀಕ ಐದು ವರ್ಷಕ್ಕೊಮ್ಮೆ ಮಷೀನ್ ಬದಲಾಯಿಸ್ತಾನೆ. ಮಷೀನಿನ ಬಣ್ಣದ ಬಗ್ಗೆ ಪಾಲುದಾರರ ಜೊತೆ ಹೊಡೆದಾಡ್ತಾನೆ. ಆದರೆ ಮಷೀನ್ ನಡೆಸೋ ಆಪರೇಟರ್‌ಗೆ ಟ್ರೇನಿಂಗ್ ಕೊಟ್ಟಿದಾರಾ ಅಂತ ಒಂದ್ಸಲಾನೂ ಕೇಳಲ್ಲ. ವರ್ಷದ ಕೊನೆಗೆ ಲೆಕ್ಕ ನೋಡಿ, "ಮಾಲು ಯಾಕೆ ಸರಿಯಾಗಿ ಬರ್ತಿಲ್ಲ?" ಅಂತಾನೆ. ಮಕ್ಕಳು ಮಾಲಲ್ಲ, ಶಾಲೆ ಫ್ಯಾಕ್ಟರಿ ಅಲ್ಲ. ಖರ್ಚು ಎಲ್ಲಿ ಹೋಗ್ತಿದೆ, ಗಮನ ಎಲ್ಲಿದೆ ಅಂತ ನೋಡೋಕೆ ಮಾತ್ರ ಈ ಹೋಲಿಕೆ ಇಟ್ಕೊಳ್ಳಿ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ನಮ್ಮ ಚಿಕ್ಕಪ್ಪನ ಮಗಳಿಂದ. ಅವಳು ಬಿ.ಎಸ್‌ಸಿ. ಮುಗಿಸಿ ಬಿ.ಎಡ್. ಸೇರಿದಳು. ಎರಡನೇ ವರ್ಷ ಇಂಟರ್ನ್‌ಶಿಪ್‌ಗೆ ಅವಳನ್ನ ಹಾಕಿದ್ದು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ. ಪಕ್ಕದಲ್ಲೇ ತಾಂಡಾ. ಮಕ್ಕಳಲ್ಲಿ ಅರ್ಧಕ್ಕರ್ಧ ಲಂಬಾಣಿಗರು. ಆರನೇ ಕ್ಲಾಸು, ಆಹಾರದ ಪಾಠ. ಇವಳು ರಾತ್ರಿ ಎಲ್ಲ ಕೂತು ಚಾರ್ಟ್ ಮಾಡಿದ್ದಳು. ಇಡ್ಲಿ, ದೋಸೆ, ಪೂರಿ, ಬ್ರೆಡ್ಡು. ಯಾವುದರಲ್ಲಿ ಏನಿರುತ್ತೆ ಅಂತ ಬಣ್ಣ ಬಣ್ಣದ ಪೆನ್ನಲ್ಲಿ ಬರೆದಿದ್ದಳು.

ಅವತ್ತು ಸಂಜೆ ಫೋನ್ ಮಾಡಿದಳು. "ಅಣ್ಣಾ, ಹಿಂದಿನ ಸಾಲಿನ ಹುಡುಗ್ರು ಬಾಯಿನ ಬಿಡವಲ್ರು. ಪ್ರಶ್ನೆ ಕೇಳಿದ್ರ ನೆಲಾ ನೋಡ್ತಾವ. ನನಗ ಅಳುನ ಬಂತು ನೋಡು" ಅಂದಳು. "ಮನ್ಯಾಗ ಏನ್ ಉಣ್ತಾರ ಅಂತ ಕೇಳಬೇಕಿತ್ತಲ್ಲ" ಅಂದೆ. ನನಗೇನೋ ಶಿಕ್ಷಣಶಾಸ್ತ್ರ ಗೊತ್ತಿದೆ ಅಂತ ಹೇಳಿದ್ದಲ್ಲ. ನಮ್ಮ ಕಡೆ ಯಾರು ಸಿಕ್ಕರೂ ಮೊದಲು ಕೇಳೋದೇ ಊಟ ಆಯ್ತಾ ಅಂತ, ಅದಕ್ಕೆ.

ಮರುದಿನ ಅವಳು ಚಾರ್ಟ್ ಸುತ್ತಿ ಇಟ್ಟಳು. "ಮುಂಜಾನಿ ಏನ್ ಉಂಡು ಬಂದಿರಿ?" ಅಂತ ಕೇಳಿದಳು. ಮುಂದಿನ ಸಾಲಿನವರು ರೊಟ್ಟಿ, ಅವಲಕ್ಕಿ ಅಂದ್ರು. ಹಿಂದಿನಿಂದ ಒಬ್ಬ ಮೆಲ್ಲಗೆ "ಬಾಟಿ" ಅಂದ. ಕ್ಲಾಸು ನಕ್ಕಿತು. ಇವಳು ನಗಲಿಲ್ಲ. ಬೋರ್ಡ್ ಮೇಲೆ ದೊಡ್ಡದಾಗಿ "ಬಾಟಿ" ಅಂತ ಬರೆದಳು. "ಹೆಂಗ ಮಾಡ್ತಾರ, ಹೇಳಪಾ" ಅಂದಳು. ಲಂಬಾಣಿ ಮಾತಲ್ಲಿ ಬಾಟಿ ಅಂದ್ರೆ ರೊಟ್ಟಿ. ಹಿಟ್ಟು ಯಾವುದು, ಜೋಳ ಎಲ್ಲಿಂದ ಬರುತ್ತೆ, ಒಲೆಗೆ ಏನು ಹಾಕ್ತಾರೆ, ಅವ್ವ ಎಷ್ಟೊತ್ತಿಗೆ ಏಳ್ತಾಳೆ, ಎಲ್ಲ ಹೇಳಿದ. ಅವ್ವನಿಗೆ ಅವರು "ಯಾಡಿ" ಅಂತಾರೆ, ನೀರಿಗೆ "ಪಾಣಿ". ಅರ್ಧ ಗಂಟೆಯಲ್ಲಿ ಬೋರ್ಡ್ ತುಂಬ ಅವರ ಮಾತು, ಪಕ್ಕದಲ್ಲಿ ಪಠ್ಯದ ಕನ್ನಡ. ಕಾರ್ಬೋಹೈಡ್ರೇಟ್ ಅನ್ನೋ ಪದ ಕೊನೆಗೆ ಬಂತು. ಆಗ ಅದು ಹೆದರಿಸೋ ಪದ ಆಗಿರಲಿಲ್ಲ. ಬಾಟಿಯಲ್ಲಿ ಇರೋ ವಸ್ತುವಿನ ಹೆಸರಾಗಿತ್ತು.

ಕಥೆ ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. ಅದೇ ವಾರ ಕಾಲೇಜಿನಿಂದ ಒಬ್ಬರು ಪಾಠ ನೋಡೋಕೆ ಬಂದ್ರು. ಕೈಯಲ್ಲಿ ಒಂದು ಅಂಕಪಟ್ಟಿ. ಪೀಠಿಕೆ ಇತ್ತಾ? ಕಪ್ಪು ಹಲಗೆಯ ಬರಹ ಹೇಗಿತ್ತು? ಧ್ವನಿ ಏರಿಳಿತ? ಕಲಿಕೋಪಕರಣ ಬಳಕೆ? ಪಾಠಯೋಜನೆ ಪ್ರಕಾರ ನಡೀತಾ? ಇವಳಿಗೆ ಅಂಕ ಕಮ್ಮಿ ಬಂತು. ಕಾರಣ: ಚಾರ್ಟ್ ಬಳಸಿಲ್ಲ, ಪಾಠಯೋಜನೆ ಬಿಟ್ಟು ಹೋಗಿದಾರೆ. ಹಿಂದಿನ ಸಾಲಿನ ಆ ಹುಡುಗ ಎರಡು ವಾರದಲ್ಲಿ ಮೊದಲ ಸಲ ಕೈ ಎತ್ತಿದ್ದ. ಅದನ್ನ ಬರೆಯೋಕೆ ಆ ಹಾಳೆಯಲ್ಲಿ ಒಂದು ಕಾಲಂ ಇರಲಿಲ್ಲ.

ಬಂದವರು ಕೆಟ್ಟವರು ಅಂತ ನನಗೆ ಅನ್ನಿಸಲ್ಲ. ಅವರ ಕೈಗೆ ಆ ಹಾಳೆ ಕೊಟ್ಟಿದ್ರು, ಅವರು ತುಂಬಿದ್ರು. ನನಗೆ ಕಾಡೋದು ಬೇರೆ. ಮುಂದೆ ನೌಕರಿ ಬೇಕು, ಅಂಕ ಬೇಕು ಅಂತ ಇವಳು ಮುಂದಿನ ವಾರ ಮತ್ತೆ ಇಡ್ಲಿ ಚಾರ್ಟ್ ನೇತುಹಾಕಿದ್ರೆ, ಅದಕ್ಕೆ ಇವಳನ್ನ ಬೈಯೋಕಾಗುತ್ತಾ? ಒಳ್ಳೆ ಟೀಚರ್ ಆಗಬಹುದಾದವರನ್ನ ತರಬೇತಿಯೇ ಸಾಧಾರಣ ಟೀಚರ್ ಮಾಡಿ ಕಳಿಸೋದು ಹೀಗೆ.

ಈಗ ಸ್ವಲ್ಪ ವ್ಯವಸ್ಥೆ ಬಗ್ಗೆ. ಬೇಗ ಹೇಳಿ ಮುಗಿಸ್ತೀನಿ. ಒಂದರಿಂದ ಐದನೇ ಕ್ಲಾಸಿಗೆ ಪಾಠ ಮಾಡೋಕೆ ಡಿ.ಎಡ್., ಈಗಿನ ಹೆಸರು ಡಿ.ಇಎಲ್.ಎಡ್. ಅದಕ್ಕಿಂತ ಮೇಲಿನ ಕ್ಲಾಸುಗಳಿಗೆ ಬಿ.ಎಡ್. ಬಿ.ಎಡ್. ಆದವರು ಒಂದರಿಂದ ಐದಕ್ಕೆ ಅರ್ಹರಲ್ಲ ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಚಿಕ್ಕ ಮಕ್ಕಳಿಗೆ ಕಲಿಸೋದು ಬೇರೆನೇ ವಿದ್ಯೆ ಅಂತ ಒಪ್ಪಿಕೊಂಡ ತೀರ್ಪು ಅದು. ಇವೆರಡರ ಮೇಲೆ ಟಿಇಟಿ ಪರೀಕ್ಷೆ. 150 ಪ್ರಶ್ನೆ, 150 ಅಂಕ, ನಾಲ್ಕರಲ್ಲಿ ಒಂದಕ್ಕೆ ಟಿಕ್. ಎದುರಿಗೆ ಕೂತ ಮಗುವಿನ ಮಾತನ್ನ ಇವರು ಕೇಳಿಸ್ಕೋತಾರಾ ಅನ್ನೋದನ್ನ ಟಿಕ್ ಹಾಕಿಸಿ ಅಳೆಯೋಕಾಗಲ್ಲ.

ಬಿ.ಎಡ್. ಹಿಂದೆ ಒಂದು ವರ್ಷ ಇತ್ತು, 2015ರಿಂದ ಎರಡು ವರ್ಷ ಆಯ್ತು. ಅದಕ್ಕೂ ಮೊದಲು ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತ್ತು. ದೇಶದಲ್ಲಿ ಶಿಕ್ಷಕರನ್ನ ತಯಾರು ಮಾಡೋ ಸಂಸ್ಥೆಗಳಲ್ಲಿ ಸುಮಾರು 90 ಪರ್ಸೆಂಟ್ ಖಾಸಗಿಯವು ಅಂತ ಅದು ಹೇಳಿತ್ತು. ಆ ವರದಿಯನ್ನ ನೆನೆಸ್ಕೊಂಡು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಖಾರವಾಗಿ ಬರೀತು. ಬಿ.ಎಡ್., ಡಿ.ಎಡ್. ಮಾತ್ರ ನಡೆಸೋ ಹತ್ತು ಸಾವಿರಕ್ಕಿಂತ ಹೆಚ್ಚು ಸಂಸ್ಥೆಗಳಲ್ಲಿ ಬಹುಪಾಲು ಗಂಭೀರವಾಗಿ ಕಲಿಸೋ ಪ್ರಯತ್ನಾನೇ ಮಾಡ್ತಿಲ್ಲ, ದುಡ್ಡಿಗೆ ಡಿಗ್ರಿ ಮಾರ್ತಿವೆ ಅನ್ನೋದು ಅದರ ಸಾರಾಂಶ. ಹೀಗಂತ ಹೇಳಿದ್ದು ಯಾವುದೋ ಆಕ್ಟಿವಿಸ್ಟ್ ಅಲ್ಲ, ಸರ್ಕಾರದ ಸ್ವಂತ ದಾಖಲೆ.

ಎರಡು ವರ್ಷದ ಬಿ.ಎಡ್.ನಲ್ಲಿ ಶಾಲೆಯಲ್ಲಿ ಕಳೆಯೋ ಸಮಯ 20 ವಾರ. ಮೊದಲ ವರ್ಷ 4, ಎರಡನೇ ವರ್ಷ 16. ನನ್ನ ಕ್ಲಾಸ್‌ಮೇಟ್ಸ್ ಕೆಲವರು ಸಿಎ ಮಾಡಿದ್ರು. ಅವರಿಗೆ ಆರ್ಟಿಕಲ್‌ಶಿಪ್ ಮೂರು ವರ್ಷ ಇತ್ತು, ಈಗಿನ ಹೊಸ ಪದ್ಧತಿಯಲ್ಲಿ ಎರಡು ವರ್ಷ. ಒಬ್ಬ ಹಿರಿಯರ ಕೈಕೆಳಗೆ ನಿಜವಾದ ಕಂಪನಿಗಳ ನಿಜವಾದ ಲೆಕ್ಕ ನೋಡ್ಬೇಕು. ಡಾಕ್ಟರಿಗೂ ಒಂದು ವರ್ಷ ಇಂಟರ್ನ್‌ಶಿಪ್. ಕಂಪನಿಯ ಲೆಕ್ಕ ಮುಟ್ಟೋಕೆ ಎರಡು ವರ್ಷದ ಅಭ್ಯಾಸ ಬೇಕು ಅಂತ ನಂಬೋ ದೇಶ, ಮಗುವಿನ ತಲೆ ಮುಟ್ಟೋಕೆ 20 ವಾರ ಸಾಕು ಅನ್ನುತ್ತೆ. ಆ 20 ವಾರದಲ್ಲೂ ರೆಕಾರ್ಡ್ ಬರೆಯೋದು, ಚಾರ್ಟ್ ಅಂಟಿಸೋದು ಎಷ್ಟು ಹೊತ್ತು ತಿನ್ನುತ್ತೆ ಅಂತ ಬಿ.ಎಡ್. ಮಾಡಿದ ಯಾರನ್ನಾದರೂ ಕೇಳಿ ನೋಡಿ.

ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಬರ್ತಿದೆ, 2030ರ ಹೊತ್ತಿಗೆ ಅದೇ ಕನಿಷ್ಠ ಅರ್ಹತೆ ಆಗ್ಬೇಕು ಅಂತ ಹೊಸ ನೀತಿ ಹೇಳುತ್ತೆ. 2023-24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಶುರುವಾಯ್ತು. ನಾಲ್ಕು ವರ್ಷ ಅನ್ನೋದು ನಮಗೆ ಹೊಸದೇನಲ್ಲ. 1963ರಲ್ಲಿ ಶುರುವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅಂಥ ಕೋರ್ಸನ್ನ ದಶಕಗಳಿಂದ ನಡೆಸಿದೆ. ಆದರೆ ವರ್ಷ ಹೆಚ್ಚಾದ ಮಾತ್ರಕ್ಕೆ ಹಿಂದಿನ ಸಾಲಿನ ಹುಡುಗ ಕೈ ಎತ್ತಲ್ಲ. ಆ ವರ್ಷಗಳಲ್ಲಿ ಏನು ಮಾಡಿಸ್ತೀರಿ ಅನ್ನೋದೇ ಪ್ರಶ್ನೆ.

"ಪಠ್ಯದಲ್ಲಿ ಎಲ್ಲರ ಸಂಸ್ಕೃತಿ ಇರ್ಬೇಕು" ಅಂದ ತಕ್ಷಣ ನಾವು ಮಾಡೋದು ಏನು? ಒಂದು ಪುಟದಲ್ಲಿ ಕನ್ನಡಿ ಹೊಲಿದ ಲಂಬಾಣಿ ಡ್ರೆಸ್ಸಿನ ಫೋಟೋ, ಕೆಳಗೆ "ನಮ್ಮ ರಾಜ್ಯದ ಜನಪದ ನೃತ್ಯಗಳು". ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬಿ. ಮುಗೀತು. ತಾಂಡಾದ ಹುಡುಗಿಗೆ ಅದರಿಂದ ಸಿಕ್ಕಿದ್ದು ಏನು? ಅವಳ ಅಜ್ಜಿ ಪುಸ್ತಕದಲ್ಲಿ ಅಲಂಕಾರ ಆದಳು, ಅಷ್ಟೇ.

ಅದೇ ಹೊಲಿಗೆಯನ್ನ ಗಣಿತದ ಮೇಷ್ಟ್ರು ಕ್ಲಾಸಿಗೆ ತಂದ್ರೆ ಬೇರೆ ಆಗುತ್ತೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆ ಬಟ್ಟೆ ತುಂಬ ಚೌಕ, ತ್ರಿಕೋನ, ಸಾಲು ಸಾಲಾಗಿ ಮರುಕಳಿಸೋ ವಿನ್ಯಾಸ. ಸಮಮಿತಿ ಅಂದ್ರೆ ಏನು ಅಂತ ಅಷ್ಟು ಚೆನ್ನಾಗಿ ತೋರಿಸೋ ಚಾರ್ಟ್ ಯಾವ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತೆ ಹೇಳಿ. ಅಪ್ಪ ಅಮ್ಮ ಕಬ್ಬು ಕಡಿಯೋಕೆ ಗುಳೆ ಹೋಗ್ತಾರೆ. ಮುಂಗಡ ಎಷ್ಟು ತಗೊಂಡ್ರು, ಟನ್ನಿಗೆ ಎಷ್ಟು, ಕೊನೆಗೆ ಕೈಗೆ ಬಂದಿದ್ದು ಎಷ್ಟು? ಸರಳ ಬಡ್ಡಿ, ಲಾಭ ನಷ್ಟ ಎಲ್ಲ ಅಲ್ಲೇ ಇದೆ. ಆ ಲೆಕ್ಕ ಸರಿಯಾಗಿ ಬಂದರೆ ಆ ಮನೆಗೆ ಯಾರೂ ಮೋಸ ಮಾಡೋಕಾಗಲ್ಲ. ಕಾಮರ್ಸ್ ಓದಿದವನಾಗಿ ಹೇಳ್ತೀನಿ, ಲೆಕ್ಕ ಕಲಿಯೋಕೆ ಇದಕ್ಕಿಂತ ಒಳ್ಳೆ ಕಾರಣ ಇಲ್ಲ.

ಶಾಲೆಯ ಕಲಿಕೆಯನ್ನ ಹೊರಗಿನ ಬದುಕಿಗೆ ಜೋಡಿಸ್ಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳ್ತು. ಪ್ರೊಫೆಸರ್ ಯಶಪಾಲ್ ಅದರ ಅಧ್ಯಕ್ಷರಾಗಿದ್ರು. ಆ ಚೌಕಟ್ಟಿನ ಮೊದಲ ತತ್ವವೇ ಅದು. ಆದರೆ ಬೆಂಗಳೂರಲ್ಲಿ ಕೂತು ಬರೆಯೋ ಪುಸ್ತಕಕ್ಕೆ ಬೀದರಿನ ಹೊಲ, ಕೊಡಗಿನ ಹಾಡಿ, ಕಾರವಾರದ ಬಲೆ ಎಲ್ಲವನ್ನೂ ತುಂಬೋಕಾಗಲ್ಲ. ತುಂಬಿದ್ರೆ ಮಗುವಿಗೆ ಬ್ಯಾಗ್ ಹೊರೋಕೆ ಒಬ್ಬ ಹಮಾಲ ಬೇಕು. ಪುಸ್ತಕಕ್ಕೂ ಊರಿಗೂ ನಡುವೆ ನಿಂತ್ಕೊಳ್ಳೋದು ಟೀಚರ್ ಮಾತ್ರ. ಇವತ್ತಿನ ಎಪಿಸೋಡಿನ ಮಾತು ಇದೊಂದೇ. ಮಗುವಿನ ಲೋಕ ಕ್ಲಾಸಿಗೆ ಬರೋ ಬಾಗಿಲು ಟೀಚರ್. ಆ ಬಾಗಿಲು ತೆರೆಯೋದನ್ನ ನಾವು ಅವರಿಗೆ ಕಲಿಸ್ತಿಲ್ಲ.

ಇದು ಸಾಧ್ಯಾನಾ ಅಂತ ಕೇಳಿದ್ರೆ, ನಮ್ಮಲ್ಲೇ ಆಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ ಸರ್ಕಾರಿ ಶಾಲೆಯ ಕೆಲವು ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಹತ್ತಿರದ ಹಳ್ಳಿ ಶಾಲೆಗಳನ್ನ ನೋಡ್ಕೊಂಡು ಬಂದ್ರು. ವಾಪಸ್ ಬಂದು ತಾವೇ ಕೂತು ಕಾರ್ಡುಗಳನ್ನ ಬರೆದ್ರು. ಆ ಸೀಮೆಯ ಹಾಡು, ಆಟ, ಮಾತು ಬಳಸ್ಕೊಂಡ್ರು. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತು ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ. ಅದೇ ನಲಿ-ಕಲಿ. ನಿಮ್ಮಲ್ಲಿ ಎಷ್ಟೋ ಜನ, ಇಲ್ಲಾ ನಿಮ್ಮ ತಮ್ಮ ತಂಗಿಯರು, ಅದರಲ್ಲೇ ಓದಿರ್ತೀರಿ. 2009-10ರಲ್ಲಿ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು.

ಅಲ್ಲೊಂದು ಸೂಕ್ಷ್ಮ ಇದೆ. ಹೆಗ್ಗಡದೇವನಕೋಟೆಯ ಮೇಷ್ಟ್ರುಗಳಿಗೆ ಕಾರ್ಡ್ ಬರೆಯೋ ಕೆಲಸವೇ ತರಬೇತಿ ಆಗಿತ್ತು. ಯಾವ ಹಾಡು ಹಾಕೋಣ, ಈ ಪದ ನಮ್ಮ ಮಕ್ಕಳಿಗೆ ಗೊತ್ತಾ ಅಂತ ಚರ್ಚೆ ಮಾಡ್ತಾನೇ ಅವರು ಕಲಿತ್ರು. ರಾಜ್ಯಕ್ಕೆಲ್ಲ ಹೋದಾಗ ಕಾರ್ಡು ಪ್ರಿಂಟಾಗಿ ಡಬ್ಬಿಯಲ್ಲಿ ಹೋಯ್ತು. ಆ ಚರ್ಚೆ ಡಬ್ಬಿಯೊಳಗೆ ಹೋಗಲ್ಲ ಅಲ್ವಾ? ಬೇರೆ ತಾಲ್ಲೂಕಿನ ಟೀಚರ್‌ಗೆ ಅದು ಇನ್ನೊಂದು ಪಠ್ಯಪುಸ್ತಕ ಆಗೋ ಅಪಾಯ ಅಲ್ಲೇ ಶುರುವಾಗುತ್ತೆ.

ಇನ್ನೊಂದು ಉದಾಹರಣೆಗೆ ಒಡಿಶಾಕ್ಕೆ ಹೋಗೋಣ. ಕಾರಣ ಇದೆ. ಮನೆ ಮಾತು ಒಂದು, ಶಾಲೆ ಮಾತು ಇನ್ನೊಂದು ಅನ್ನೋ ಸಮಸ್ಯೆ ಅಲ್ಲಿ ನಮಗಿಂತ ದೊಡ್ಡದು. 2006-07ರಲ್ಲಿ ಅವರು ಹತ್ತು ಆದಿವಾಸಿ ಭಾಷೆಗಳಲ್ಲಿ ಬಹುಭಾಷಾ ಶಿಕ್ಷಣ ಶುರು ಮಾಡಿದ್ರು. ಸಂತಾಲಿ, ಸವರ, ಕುಯಿ, ಕೋಯಾ ಎಲ್ಲ ಅದರಲ್ಲಿವೆ. ಆಮೇಲೆ 21 ಭಾಷೆಗಳಾದವು. ಮೊದಲ ಕ್ಲಾಸಲ್ಲಿ ಮಗುವಿನ ಭಾಷೆ, ಮುಂದೆ ಮೆಲ್ಲಗೆ ಒಡಿಯಾ, ಆಮೇಲೆ ಇಂಗ್ಲಿಷ್. ಇದಕ್ಕಾಗಿ ಆಯಾ ಸಮುದಾಯದ ಹುಡುಗ ಹುಡುಗಿಯರನ್ನೇ ಟೀಚರ್ ಮಾಡ್ಕೊಂಡ್ರು. ಬರೀ ಪುಸ್ತಕ ಮುದ್ರಿಸಿ, ಆ ಭಾಷೆ ಬರದ ಟೀಚರ್ ಕೈಗೆ ಕೊಟ್ಟಿದ್ರೆ ಏನಾಗ್ತಿತ್ತು ಅಂತ ನೀವೇ ಯೋಚಿಸಿ.

ನಿಮ್ಮ ತಲೆಯಲ್ಲಿ ಮೂರು ಪ್ರಶ್ನೆ ಬಂದಿರುತ್ತೆ. ನನಗೂ ಬಂದಿದ್ದವು.

ಮೊದಲನೇದು, "ಹೀಗೆ ಎಲ್ಲರ ಭಾಷೆ ತಂದ್ರೆ ಕನ್ನಡದ ಗತಿ ಏನು?" ನನ್ನ ಉತ್ತರ: ಮಗು ಕನ್ನಡವನ್ನ ಪ್ರೀತಿಯಿಂದ ಕಲಿಯೋದು ಅವಮಾನದಿಂದಲ್ಲ. ಬಾಟಿ ಅಂತ ಬೋರ್ಡ್ ಮೇಲೆ ಬರೆದ ದಿನವೇ ಆ ಹುಡುಗ ಕನ್ನಡದಲ್ಲಿ ಐದು ನಿಮಿಷ ಮಾತಾಡಿದ್ದು. ಮನೆ ಮಾತನ್ನ ಮೆಟ್ಟಿಲು ಮಾಡಿದ್ರೆ ಅವನು ಕನ್ನಡದ ಜಗುಲಿ ಹತ್ತುತ್ತಾನೆ. ಮೆಟ್ಟಿಲು ಕಿತ್ತು ಹಾಕಿ "ಹತ್ತು" ಅಂದ್ರೆ ಅವನು ಹತ್ತೋದು ಗುಳೆ ಹೋಗೋ ಲಾರಿ.

ಎರಡನೇದು, "ಒಂದು ಕ್ಲಾಸಲ್ಲಿ ಐದು ಭಾಷೆ ಇದ್ರೆ ಟೀಚರ್ ಐದೂ ಕಲೀಬೇಕಾ?" ಬೇಡ. ಬೆಂಗಳೂರಿನ ಸರ್ಕಾರಿ ಶಾಲೆಗಳನ್ನ ನೋಡಿ. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಒಬ್ಬರು ರಾಯಚೂರಿನವರು, ಒಬ್ಬರು ಅನಂತಪುರದವರು, ಒಬ್ಬರು ಬಿಹಾರದವರು. ಟೀಚರ್ ಐದು ಭಾಷೆಯ ಪಂಡಿತರಾಗೋದು ಬೇಡ. "ನಿಮ್ಮಲ್ಲಿ ಇದಕ್ಕೆ ಏನಂತೀರಿ?" ಅಂತ ಕೇಳೋಕೆ ಗೊತ್ತಿರ್ಬೇಕು. ಉತ್ತರ ಬಂದಾಗ ನಗದೇ ಇರೋಕೆ, ಕ್ಲಾಸನ್ನ ನಗೋಕೆ ಬಿಡದೇ ಇರೋಕೆ ಗೊತ್ತಿರ್ಬೇಕು. ಆ ಮಾತನ್ನ ಪಾಠಕ್ಕೆ ಜೋಡಿಸೋಕೆ ಬರ್ಬೇಕು. ಇದು ಅಭ್ಯಾಸದಿಂದ ಬರೋ ಕೌಶಲ, ಡ್ರೈವಿಂಗ್ ಥರ.

ಮೂರನೇದು ನಿಜವಾದ ಕಷ್ಟ. "ಟೀಚರ್‌ಗೆ ಟೈಮ್ ಎಲ್ಲಿದೆ?" ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಚುನಾವಣೆ, ಸಮೀಕ್ಷೆ. ಪ್ರತಿ ವರ್ಷ ಸಾವಿರಗಟ್ಟಲೆ ಅತಿಥಿ ಶಿಕ್ಷಕರನ್ನ ತಗೋತಾರೆ. ಮುಂದಿನ ಜೂನ್‌ನಲ್ಲಿ ಅದೇ ಶಾಲೆಯಲ್ಲಿ ಇರ್ತೀನಾ ಅನ್ನೋದೇ ಅವರಿಗೆ ಗೊತ್ತಿರಲ್ಲ. ಅವರಿಗೆ ಊರನ್ನ ಅರ್ಥ ಮಾಡ್ಕೊಳ್ಳಿ ಅಂತ ಉಪದೇಶ ಕೊಡೋದು ಸುಲಭ. ಹಾಗಾಗಿ ನಾನು ಕೇಳ್ತಿರೋದು ಟೀಚರನ್ನಲ್ಲ, ಟೀಚರನ್ನ ತಯಾರು ಮಾಡೋರನ್ನ.

ಏನು ಮಾಡಬಹುದು? ಅಷ್ಟೇನೂ ದುಡ್ಡು ಬೇಡದ ನಾಲ್ಕು ಕೆಲಸ ಹೇಳ್ತೀನಿ.

ಒಂದು. ಇಂಟರ್ನ್‌ಶಿಪ್‌ನ ಮೊದಲ ಎರಡು ವಾರ ಪಾಠ ಬೇಡ. ಮಕ್ಕಳ ಮನೆಗೆ ಹೋಗ್ಲಿ, ಸಂತೆಗೆ ಹೋಗ್ಲಿ, ಹೊಲಕ್ಕೆ ಹೋಗ್ಲಿ. ಆ ಊರಿನ ಮಾತು, ಅಳತೆ, ಕಸುಬು, ಹಾಡು, ಹಬ್ಬ ಎಲ್ಲ ಒಂದು ನೋಟ್‌ಬುಕ್ಕಲ್ಲಿ ಬರೀಲಿ. ಚಾರ್ಟಿಗೆ ಕೊಡೋ ಅಂಕ ಆ ನೋಟ್‌ಬುಕ್ಕಿಗೆ ಕೊಡಿ.

ಎರಡು. ಆ ಅಂಕಪಟ್ಟಿಯಲ್ಲಿ ಒಂದೇ ಒಂದು ಕಾಲಂ ಸೇರಿಸಿ: "ಇವತ್ತು ಮಕ್ಕಳಿಂದ ಟೀಚರ್ ಏನು ತಿಳ್ಕೊಂಡ್ರು?" ಅಂಕ ಎಲ್ಲಿರುತ್ತೋ ಗಮನ ಅಲ್ಲೇ ಹೋಗುತ್ತೆ. ಪರೀಕ್ಷೆ ಬರೆದ ಎಲ್ಲರಿಗೂ ಇದು ಗೊತ್ತು.

ಮೂರು. ಪ್ರತಿ ಜಿಲ್ಲೆಯಲ್ಲೂ ಡಯಟ್ ಇದೆ. 1986ರ ಶಿಕ್ಷಣ ನೀತಿ ಆದ್ಮೇಲೆ ಹುಟ್ಟಿದ ಸಂಸ್ಥೆಗಳು. ಜಿಲ್ಲೆಗೊಂದು ಅಂತ ಮಾಡಿದ್ದೇ ಸ್ಥಳೀಯವಾಗಿ ಯೋಚಿಸ್ಲಿ ಅಂತ. ಆ ನೋಟ್‌ಬುಕ್ಕುಗಳನ್ನೆಲ್ಲ ಅಲ್ಲಿ ಕೂಡಿಸಿ, ತಾಲ್ಲೂಕಿಗೊಂದು ಪದಪಟ್ಟಿ, ಕಥೆ, ಲೆಕ್ಕಗಳ ಕೈಪಿಡಿ ಮಾಡ್ಲಿ. ಹೊಸ ಟೀಚರ್ ಬಂದ ದಿನ ಕೈಗೆ ಕೊಡ್ಲಿ. ಅತಿಥಿ ಶಿಕ್ಷಕರಿಗೂ ಕೊಡ್ಲಿ. ಪಿಡಿಎಫ್ ಆದ್ರೂ ಸಾಕು.

ನಾಲ್ಕು. ತಾಂಡಾದಿಂದ, ಹಾಡಿಯಿಂದ ಬಂದ ಹುಡುಗ ಹುಡುಗಿಯರು ಟೀಚರ್ ಆಗೋ ದಾರಿ ಮಾಡಿ. ಪಿಯುಸಿ ಮುಗಿಸಿದವರನ್ನ ಕರೆದು, ಹಾಸ್ಟೆಲ್ ಕೊಟ್ಟು, ಫೀಸು ಕಟ್ಟಿ ಓದಿಸಿ. ಜೇನುಕುರುಬರು, ಕೊರಗರು ನಮ್ಮ ರಾಜ್ಯದಲ್ಲಿ ಅತಿ ಹಿಂದುಳಿದ ಆದಿವಾಸಿ ಸಮುದಾಯಗಳು ಅಂತ ಕೇಂದ್ರ ಸರ್ಕಾರವೇ ಗುರುತಿಸಿದೆ. ಆ ಮನೆಯ ಮಗು ಕ್ಲಾಸಲ್ಲಿ ತಲೆ ಎತ್ತಿದಾಗ ಬೋರ್ಡ್ ಮುಂದೆ ತನ್ನ ಮಾತು ಬಲ್ಲವರೊಬ್ಬರು ನಿಂತಿದ್ರೆ, ಅದಕ್ಕಿಂತ ದೊಡ್ಡ ಪಠ್ಯಪುಸ್ತಕ ಪರಿಷ್ಕರಣೆ ಇಲ್ಲ.

ಕಾನೂನು ನಮ್ಮ ಕಡೆಗೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಕಲಿಸ್ಬೇಕು, ಮಗುವನ್ನ ಹೆದರಿಕೆಯಿಂದ ದೂರ ಇಡ್ಬೇಕು ಅನ್ನುತ್ತೆ. "ತಪ್ಪು, ಮೊಟ್ಟೆ ಅನ್ನು" ಅನ್ನೋದೂ ಹೆದರಿಕೆಯೇ. ಅದಕ್ಕೆ ಬೆತ್ತ ಬೇಕಾಗಿಲ್ಲ.

ಕೊನೆಗೆ ನಿಮಗೊಂದು ಮಾತು. ಕೇಳ್ತಿರೋರಲ್ಲಿ ಡಿ.ಎಡ್., ಬಿ.ಎಡ್. ಮಾಡ್ತಿರೋರು ಇದೀರಿ, ಪ್ರತಿ ವಾರ ಮೆಸೇಜ್ ಬರುತ್ತೆ. ನಿಮ್ಮ ಪಾಠಯೋಜನೆಯ ಮಾರ್ಜಿನ್‌ನಲ್ಲಿ ದಿನಕ್ಕೊಂದು ಪದ ಬರ್ಕೊಳ್ಳಿ, ಮಕ್ಕಳು ಹೇಳಿದ ಪದ. ಯಾರೂ ಅಂಕ ಕೊಡಲ್ಲ, ಪರವಾಗಿಲ್ಲ. ವರ್ಷದ ಕೊನೆಗೆ ನಿಮ್ಮ ಹತ್ತಿರ ಇರೋದು ಯಾವ ಗೈಡಲ್ಲೂ ಸಿಗಲ್ಲ. ತಂದೆ ತಾಯಿ ಆಗಿರೋರು, ನಿಮ್ಮ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ. ಕಾಂಪೌಂಡ್, ಟಾಯ್ಲೆಟ್ ಬಗ್ಗೆ ಕೇಳಿ, ಅದೂ ಬೇಕು. ಜೊತೆಗೆ "ನಮ್ಮ ಮಗು ಕ್ಲಾಸಲ್ಲಿ ಮಾತಾಡ್ತಾನಾ?" ಅಂತ ಒಂದ್ಸಲ ಕೇಳಿ.

ಇನ್ನು ಉಳಿದವರಿಗೆ ಹೋಂವರ್ಕ್. ನಿಮ್ಮ ಮನೇಲಿ ಮಾತ್ರ ಬಳಸೋ, ಶಾಲೇಲಿ ಯಾವತ್ತೂ ಕೇಳದ ಒಂದು ಪದವನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಅದರ ಅರ್ಥ, ನಿಮ್ಮ ತಾಲ್ಲೂಕು, ಅಷ್ಟು ಹೇಳಿದ್ರೆ ಸಾಕು. ತುಳು, ಉರ್ದು, ಲಂಬಾಣಿ, ಹವ್ಯಕ ಕನ್ನಡ, ಯಾವುದಾದರೂ ಸರಿ. ಎಲ್ಲವನ್ನೂ ಜೋಡಿಸಿ ಮುಂದಿನ ಎಪಿಸೋಡಲ್ಲಿ ಹಾಕ್ತೀನಿ. ಯಾವುದಾದರೂ ಒಬ್ಬ ಟೀಚರ್‌ಗೆ ಉಪಯೋಗಕ್ಕೆ ಬಂದ್ರೂ ನಮ್ಮ ಡೇಟಾ ಪ್ಯಾಕ್ ಸಾರ್ಥಕ.

ಇಷ್ಟ ಆದ್ರೆ ಒಬ್ಬ ಟೀಚರ್‌ಗೆ ಫಾರ್ವರ್ಡ್ ಮಾಡಿ. ಇಷ್ಟ ಆಗ್ಲಿಲ್ಲ ಅಂದ್ರೆ ಯಾಕೆ ಅಂತ ಬರೀರಿ, ಓದ್ತೀನಿ. ಮುಂದಿನ ವಾರ ಸಿಗೋಣ.